ಮೂಲನಿವಾಸಿಗಳ ವಿಡಿಯೋ ಆರ್ಟ್ ವಿದೇಶಕ್ಕೆ ಹೋಗೋದು ಹೇಗೆ, ಅದಕ್ಕೆ ಅಷ್ಟೊಂದು ಒದ್ದಾಟ ಯಾಕೆ

ವಿಡಿಯೋ ಆರ್ಟ್, ಅಂದ್ರೆ ಗ್ಯಾಲರಿಯಲ್ಲಿ ಪರದೆ ಮೇಲೆ ಓಡಿಸೋ ಕಲಾಕೃತಿ, ಅಂದ್ರೆ ತುಂಬಾ ಜನಕ್ಕೆ ಒಂದು ಅನುಮಾನ ಇದ್ದೇ ಇರತ್ತೆ, ಅದನ್ನ ಟೂರ್ ಮಾಡ್ಸೋದೇನು ಮಹಾ, ಒಂದು ಲಿಂಕ್ ಕಳಿಸಿದ್ರೆ ಮುಗೀತಲ್ವಾ ಅಂತ. ಕಲ್ಲಿನ ಶಿಲ್ಪ ಆದ್ರೆ ಕ್ರೇಟ್ ಮಾಡಿಸ್ಬೇಕು, ಇನ್ಶೂರೆನ್ಸ್ ಕಟ್ಬೇಕು, ಹಡಗಿಗೆ ಹಾಕ್ಬೇಕು, ಕಸ್ಟಮ್ಸ್‌ನವ್ರ ಮುಂದೆ ಕಾಗದ ಹಿಡ್ಕೊಂಡು ನಿಲ್ಬೇಕು. ವಿಡಿಯೋಗೆ ಇದ್ಯಾವ್ದೂ ಇಲ್ಲ, ಒಂದು ಹಾರ್ಡ್ ಡಿಸ್ಕ್ ಸಾಕು. ಆದ್ರೆ ಮೂಲನಿವಾಸಿ ಸಮುದಾಯಗಳ ಕಥೆ, ಹಾಡು, ಕುಣಿತ, ಅವರ ನೆಲ ಇವೆಲ್ಲ ಒಳಗಿರೋ ವಿಡಿಯೋ ಆದ್ರೆ ಲೆಕ್ಕ ಉಲ್ಟಾ ಆಗತ್ತೆ. ಕಾಪಿ ಮಾಡೋದು ಅಷ್ಟು ಸುಲಭ ಅನ್ನೋದೇ ಅಲ್ಲಿ ಸಮಸ್ಯೆ. ಶಿಲ್ಪ ಒಂದೇ ಕಡೆ ಇರತ್ತೆ, ಬೇಡ ಅಂದ್ರೆ ವಾಪಸ್ ತರಿಸ್ಕೋಬಹುದು, ವಿಡಿಯೋ ಒಂದ್ಸಲ ಕೈ ತಪ್ಪಿದ್ರೆ ಯಾವ ಕ್ಲಾಸ್‌ರೂಮಲ್ಲಿ, ಯಾರ ಲ್ಯಾಪ್‌ಟಾಪಲ್ಲಿ ಓಡ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಇಲ್ಲಿ ಗಡಿ ದಾಟಿಸೋಕೆ ಕಷ್ಟಪಡಬೇಕಾಗಿರೋದು ಫೈಲನ್ನಲ್ಲ, ಅದರ ಜೊತೆ ಹೋಗ್ಬೇಕಾದ ಒಪ್ಪಿಗೆಯನ್ನ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಸಮುದಾಯದ ಕಲಾವಿದೆ ಲೀಸಾ ರೇಹಾನಾ ಅವರ ಕೆಲಸದಿಂದ ಶುರು ಮಾಡೋಣ, ಯಾಕಂದ್ರೆ ಅದು ನಿಜವಾಗ್ಲೂ ಊರೂರು ಸುತ್ತಿದ ಕೃತಿ. 1804-05ರಲ್ಲಿ ಫ್ರಾನ್ಸಿನ ಜೋಸೆಫ್ ಡ್ಯೂಫೂರ್ ಕಂಪನಿ ಶ್ರೀಮಂತರ ಮನೆ ಗೋಡೆಗೆ ಅಂಟಿಸೋಕೆ ಅಂತ ಒಂದು ವಾಲ್‌ಪೇಪರ್ ಅಚ್ಚು ಹಾಕ್ತು, ಒಟ್ಟು 20 ಪಟ್ಟಿ, ಪಕ್ಕಪಕ್ಕ ಜೋಡಿಸಿದ್ರೆ ಹತ್ತಿರ ಹತ್ತಿರ ಹತ್ತು ಮೀಟರ್ ಉದ್ದ, ವಿಷಯ ಏನು ಅಂದ್ರೆ ಪೆಸಿಫಿಕ್ ಸಾಗರದ 'ಕಾಡುಜನ'. ಚಿತ್ರ ಬರೆದಾತ ಆ ಸಾಗರದ ಕಡೆ ಹೋದವನೇ ಅಲ್ಲ, ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಕುಕ್ ಮುಂತಾದವರ ಸಮುದ್ರಯಾನದ ಪುಸ್ತಕಗಳನ್ನ ಇಟ್ಕೊಂಡು ಟಹೀಟಿ, ಹವಾಯಿ, ನ್ಯೂಜಿಲೆಂಡ್ ಜನಕ್ಕೆಲ್ಲ ಗ್ರೀಕ್ ಶಿಲ್ಪಗಳ ತರ ಬಟ್ಟೆ ಸುತ್ತಿ ನಿಲ್ಲಿಸಿಬಿಟ್ಟ. ರೇಹಾನಾ ಇದನ್ನ 2005ರಲ್ಲಿ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯಲ್ಲಿ ನೋಡಿದ್ರು. ಆಮೇಲೆ ಸುಮಾರು ಹತ್ತು ವರ್ಷ ಅದೇ ಕೆಲಸ. ಅದೇ ಬಣ್ಣದ ಗಿಡಮರ, ಅದೇ ತಿಳಿನೀಲಿ ಆಕಾಶ ಹಿನ್ನೆಲೆಗೆ ಇಟ್ಟು, ಮುಂದೆ ಬೊಂಬೆಗಳ ಬದಲು ಜೀವಂತ ಜನರನ್ನ ತಂದ್ರು, ಮಾವೊರಿ, ಪೆಸಿಫಿಕ್ ದ್ವೀಪಗಳು, ಆಸ್ಟ್ರೇಲಿಯಾದ ಅಬೊರಿಜಿನಲ್ ಸಮುದಾಯ, ಹೀಗೆ ಆಯಾ ಕಡೆಯ ಕಲಾವಿದರನ್ನೇ ಕರೆಸಿ ಗ್ರೀನ್ ಸ್ಕ್ರೀನ್ ಮುಂದೆ ಶೂಟ್ ಮಾಡಿ ಪದರ ಪದರವಾಗಿ ಸೇರಿಸಿದ್ರು. ವ್ಯಾಪಾರ, ನೃತ್ಯ, ಹಚ್ಚೆ, ಜಗಳ, ಕೊನೆಗೆ ಕುಕ್ ಸಾವು, ಎಲ್ಲ ಒಂದೇ ಉದ್ದನೆಯ ದೃಶ್ಯವಾಗಿ 20 ಮೀಟರ್‌ಗೂ ಅಗಲ ಇರೋ ಪರದೆ ಮೇಲೆ ನಿಧಾನವಾಗಿ ಸರೀತಾ ಹೋಗತ್ತೆ. ಹೆಸರು 'ಇನ್ ಪರ್ಸ್ಯೂಟ್ ಆಫ್ ವೀನಸ್ [ಇನ್‌ಫೆಕ್ಟೆಡ್]'. ವೀನಸ್ ಯಾಕೆ ಅಂದ್ರೆ 1769ರಲ್ಲಿ ಕುಕ್ ಟಹೀಟಿಗೆ ಹೋಗಿದ್ದೇ ಸೂರ್ಯನ ಮುಂದೆ ಶುಕ್ರ ಹಾದುಹೋಗೋದನ್ನ ಅಳೆಯೋಕೆ, ಇನ್‌ಫೆಕ್ಟೆಡ್ ಯಾಕೆ ಅನ್ನೋದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಹಡಗುಗಳು ಕಾಯಿಲೆಗಳನ್ನೂ ಇಳಿಸಿ ಹೋದ್ವು.

2015ರಲ್ಲಿ ಆಕ್ಲೆಂಡ್, 2017ರಲ್ಲಿ ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ಅಂತಾರಾಷ್ಟ್ರೀಯ ಕಲಾ ಮೇಳದ ನ್ಯೂಜಿಲೆಂಡ್ ಪೆವಿಲಿಯನ್, ಅಲ್ಲಿ ಇದು 64 ನಿಮಿಷದ ರೂಪದಲ್ಲಿತ್ತು, 2018ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ, 2019ರಲ್ಲಿ ಹೊನಲುಲು ಮತ್ತೆ ಸ್ಯಾನ್ ಫ್ರಾನ್ಸಿಸ್ಕೋ. ಇದರಲ್ಲಿ ನನಗೆ ಮಜಾ ಅನ್ಸೋದು ಏನಂದ್ರೆ ಒಂದೇ ವಿಡಿಯೋ ಪ್ರತಿ ಊರಲ್ಲೂ ಬೇರೆ ಬೇರೆ ಮಾತಾಡತ್ತೆ. ಲಂಡನ್ನಲ್ಲಿ ಅದು ಕುಕ್ ಮೊದಲ ಯಾನ ಹೊರಟು 250 ವರ್ಷ ಆದ ನೆನಪಿನ ಪ್ರದರ್ಶನದ ಭಾಗ, ಅಂದ್ರೆ ಹಡಗು ಹೊರಟ ದೇಶಕ್ಕೆ ಹಡಗು ಕಂಡವರ ಕಡೆಯ ಕಥೆ ಬಂದ ಹಾಗೆ. ಹವಾಯಿಯಲ್ಲಾದ್ರೆ ಕುಕ್ ಸತ್ತಿದ್ದೇ ಆ ದ್ವೀಪಗಳಲ್ಲಿ, 1779ರ ಫೆಬ್ರವರಿ 14ಕ್ಕೆ, ಕೆಯಲಕೆಕುವಾ ಕೊಲ್ಲಿಯಲ್ಲಿ, ಜೊತೆಗೆ ಹೊನಲುಲು ಮ್ಯೂಸಿಯಮ್ ಹತ್ರ ಆ ಹಳೇ ವಾಲ್‌ಪೇಪರಿನ ಪ್ರತಿಯೂ ಇದೆ. ಅಲ್ಲಿ ನೋಡೋಕೆ ಬರೋರಲ್ಲಿ ಆ ಕೊಲ್ಲಿಯ ಜನರ ವಂಶದವರೂ ಇರ್ತಾರೆ, ಅವರ ಮುಂದೆ ಅವರ ಹಿರಿಯರನ್ನ ತೋರಿಸ್ತಿದೀವಿ ಅನ್ನೋ ಎಚ್ಚರ ಬೇಕು, ಲಂಡನ್ನಿಗೆ ಬರೆದ ಗೋಡೆಬರಹ ಅಲ್ಲಿಗೆ ಸಾಲಲ್ಲ.

ಈಗ ಸ್ವಲ್ಪ ನಟ್ಟು ಬೋಲ್ಟು ವಿಷಯ. ಗ್ಯಾಲರಿಗೆ ವಿಡಿಯೋ ಆರ್ಟ್ ಮಾರೋದು ಎಡಿಷನ್ ಲೆಕ್ಕದಲ್ಲಿ, ಅಂದ್ರೆ ಐದೋ ಆರೋ ಪ್ರತಿ ಅಂತ ನಿಗದಿ ಮಾಡಿ, ಕಲಾವಿದರಿಗೆ ಒಂದೆರಡು ಇಟ್ಕೊಂಡು, ಪ್ರತಿಯೊಂದಕ್ಕೂ ಸಹಿ ಹಾಕಿದ ಸರ್ಟಿಫಿಕೇಟ್ ಕೊಡ್ತಾರೆ, ಬೆಲೆ ಇರೋದು ಆ ಸರ್ಟಿಫಿಕೇಟಿಗೇ. ಟೂರಿಗೆ ಹೋಗೋದು ಅದಲ್ಲ, 'ಎಕ್ಸಿಬಿಷನ್ ಕಾಪಿ' ಅನ್ನೋ ತಾತ್ಕಾಲಿಕ ಪ್ರತಿ, ಪ್ರದರ್ಶನ ಮುಗಿದ ಮೇಲೆ ಅಳಿಸಿದೀವಿ ಅಂತ ಮ್ಯೂಸಿಯಮ್ ಬರೆದು ಕೊಡ್ಬೇಕು. ಜೊತೆಗೊಂದು ಟೆಕ್ನಿಕಲ್ ಶೀಟ್ ಹೋಗತ್ತೆ, ಪ್ರೊಜೆಕ್ಟರ್ ಎಷ್ಟು ಪ್ರಖರ ಇರ್ಬೇಕು, ಕೋಣೆ ಎಷ್ಟು ಕತ್ತಲೆ, ಸ್ಪೀಕರ್ ಎಲ್ಲಿ, ಬೆಂಚು ಇರ್ಬೇಕಾ ಬೇಡ್ವಾ. ರೇಹಾನಾ ಕೃತಿಯಂಥದ್ದಕ್ಕೆ ಹಲವಾರು ಪ್ರೊಜೆಕ್ಟರ್ ಅಂಚಿಗೆ ಅಂಚು ಬೆಸೆದು ಒಂದೇ ಚಿತ್ರ ಅನ್ನೋ ಹಾಗೆ ಕಾಣಿಸ್ಬೇಕು, ಒಂದು ಫ್ರೇಮ್ ಹಿಂದೆಮುಂದೆ ಆದ್ರೂ ನಡುವೆ ಗೆರೆ ಕಂಡ್ಬಿಡತ್ತೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನಮ್ಮ ಕಡೆ ಎಲ್ಲ ಸೆಕೆಂಡಿಗೆ 25 ಫ್ರೇಮ್ ಪದ್ಧತಿ, ಅಮೆರಿಕಾ ಕೆನಡಾದಲ್ಲಿ 30ರ ಹತ್ರ, ಸರಿಯಾಗಿ ಸೆಟ್ ಮಾಡ್ದೆ ಓಡಿಸಿದ್ರೆ ನಿಧಾನವಾಗಿ ಸರಿಯೋ ಚಿತ್ರ ಎಗರೆಗರಿ ಓಡತ್ತೆ. ದೊಡ್ಡ ಪ್ರೊಜೆಕ್ಟರ್ ಯಾರೂ ಸಾಮಾನ್ಯವಾಗಿ ಸಾಗಿಸಲ್ಲ, ಆಯಾ ಊರಲ್ಲೇ ಬಾಡಿಗೆಗೆ ತಗೋತಾರೆ, ಸಾಗಿಸಲೇಬೇಕು ಅಂದ್ರೆ ಕಾರ್ನೆ ಅಂತ ಒಂದು ಕಸ್ಟಮ್ಸ್ ಪುಸ್ತಕ ಮಾಡಿಸ್ತಾರೆ, ತಾತ್ಕಾಲಿಕವಾಗಿ ತಂದಿದ್ದು ವಾಪಸ್ ಹೋಗತ್ತೆ, ಹಾಗಾಗಿ ಸುಂಕ ಬೇಡ ಅನ್ನೋದಕ್ಕೆ. ಇದೆಲ್ಲ ದುಡ್ಡು ಮತ್ತೆ ತಾಳ್ಮೆ ಇದ್ರೆ ಆಗೋ ಕೆಲಸ.

ದುಡ್ಡಿಗೆ ಆಗದೇ ಇರೋದು ಒಪ್ಪಿಗೆ. ಕಾಪಿರೈಟ್ ಕಾನೂನು ನೋಡೋದು ಒಬ್ಬ ಕಲಾವಿದರನ್ನ, ಅವರು ತೀರಿಕೊಂಡು ಇಂತಿಷ್ಟು ವರ್ಷಕ್ಕೆ ಹಕ್ಕು ಮುಗೀತು ಅಂತ ಹೇಳತ್ತೆ. ಆದ್ರೆ ಒಂದು ಕುಲದ ಕಥೆ ಒಬ್ಬರದ್ದಲ್ಲ, ಅದಕ್ಕೆ ಎಕ್ಸ್‌ಪೈರಿ ಡೇಟೂ ಇಲ್ಲ. ಈ ಎರಡರ ತಿಕ್ಕಾಟ ಕೋರ್ಟಿಗೇ ಹೋಗಿತ್ತು. ಜಾನ್ ಬುಲುನ್ ಬುಲುನ್ ಅನ್ನೋ, ಆಸ್ಟ್ರೇಲಿಯಾದ ಗನಲ್‌ಬಿಂಗು ಕುಲದ ಕಲಾವಿದರ ಒಂದು ಚಿತ್ರವನ್ನ ಬಟ್ಟೆ ಕಂಪನಿಯೊಂದು ಕೇಳದೇ ಬಟ್ಟೆ ಮೇಲೆ ಅಚ್ಚು ಹಾಕಿಸ್ಕೊಂಡಿತ್ತು, ಆ ಕೇಸಲ್ಲಿ 1998ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್, ಕಾಪಿರೈಟ್ ಕಲಾವಿದರದ್ದೇ ಆದ್ರೂ ಅವರು ತಮ್ಮ ಕುಲದ ಕಡೆಗೆ ಒಂದು ನಂಬಿಕೆಯ ಹೊಣೆ ಹೊತ್ತಿರ್ತಾರೆ, ಕುಲದ ನಿಯಮಕ್ಕೆ ವಿರುದ್ಧವಾಗಿ ಅದನ್ನ ಬಳಸೋ ಹಾಗಿಲ್ಲ ಅಂತ ಹೇಳ್ತು. ಕುಲಕ್ಕೇ ಕಾಪಿರೈಟ್ ಇದೆ ಅಂತ ಮಾತ್ರ ಹೇಳಲಿಲ್ಲ, ಅಷ್ಟು ದೂರ ಹೋಗಲಿಲ್ಲ. ಅದೇ ಹೊತ್ತಿಗೆ ವಕೀಲೆ ಟೆರಿ ಜಾಂಕಿ ಬರೆದ ದೊಡ್ಡ ವರದಿಯಿಂದ ಈ ಸಾಮುದಾಯಿಕ ಹಕ್ಕಿನ ವಿಚಾರ ಆಸ್ಟ್ರೇಲಿಯಾದ ಕಲಾ ಸಂಸ್ಥೆಗಳಿಗೆಲ್ಲ ತಲುಪಿ, ಇವತ್ತು ಅಲ್ಲಿ ಸರ್ಕಾರಿ ಕಲಾ ಅನುದಾನ ಬೇಕು ಅಂದ್ರೆ ಸಮುದಾಯದ ಒಪ್ಪಿಗೆ ಹೇಗೆ ತಗೊಂಡ್ರಿ ಅಂತ ತೋರಿಸ್ಬೇಕಾಗತ್ತೆ. ತೊಂದ್ರೆ ಏನು ಅಂದ್ರೆ ಈ ನಿಯಮ ಆ ದೇಶದ್ದು, ವಿಡಿಯೋ ಬರ್ಲಿನ್ನಿಗೋ ಬೋಸ್ಟನ್ನಿಗೋ ಹೋದ ತಕ್ಷಣ ಅಲ್ಲಿ ಇದು ಕಾನೂನಲ್ಲ, ಒಪ್ಪಂದದಲ್ಲಿ ಬರೆದಿದ್ರೆ ಮಾತ್ರ ಉಂಟು, ಇಲ್ಲಾಂದ್ರೆ ಬರೀ ಮರ್ಯಾದೆ ಮಾತು.

ಸಾವಿನ ವಿಷಯ ಇನ್ನೂ ಸೂಕ್ಷ್ಮ. ಆಸ್ಟ್ರೇಲಿಯಾದ ಎಷ್ಟೋ ಅಬೊರಿಜಿನಲ್ ಸಮುದಾಯಗಳಲ್ಲಿ ಯಾರಾದ್ರೂ ತೀರಿಕೊಂಡ್ರೆ ಅವರ ಹೆಸರು, ಮುಖ, ದನಿ ಒಂದಷ್ಟು ಕಾಲ ಯಾರೂ ಬಳಸಬಾರ್ದು, ಎಷ್ಟು ಕಾಲ ಅನ್ನೋದನ್ನ ಮನೆಯವರು ನಿರ್ಧಾರ ಮಾಡ್ತಾರೆ. ಪೇಂಟಿಂಗ್ ಆದ್ರೆ ಪಕ್ಕದ ಹೆಸರಿನ ಚೀಟಿ ಬದಲಾಯಿಸಿದ್ರೆ ಆಗ್ಬಹುದು, ವಿಡಿಯೋದಲ್ಲಿ ಆ ಮನುಷ್ಯ ನಡೀತಾ ನಗ್ತಾ ಇರ್ತಾರೆ. ಟೂರ್ ಮಧ್ಯೆ ಹೀಗಾದ್ರೆ ಎಲ್ಲೋ ಯುರೋಪಿನಲ್ಲಿರೋ ಗ್ಯಾಲರಿ ಆ ಪರದೆ ಆಫ್ ಮಾಡೋಕೆ ತಯಾರಿರ್ಬೇಕು, ಅಥವಾ ಮನೆಯವರು ಇರಲಿ ಅಂದ್ರೆ ಇಡ್ಬೇಕು, ಎರಡೂ ಆಗೋದುಂಟು. ಬಾಗಿಲಲ್ಲಿ ಒಂದು ಎಚ್ಚರಿಕೆ ಬೋರ್ಡ್ ನೇತು ಹಾಕಿ ಕೈ ತೊಳ್ಕೊಳ್ಳೋ ಗ್ಯಾಲರಿಗಳೇ ಜಾಸ್ತಿ ಅಂತ ನನ್ನ ಅನಿಸಿಕೆ, ಆ ಬೋರ್ಡಿಂದ ಪ್ರಯೋಜನ ಇದೆ ನಿಜ, ಆದ್ರೆ ಅದು ಫೋನ್ ಮಾಡಿ ಕೇಳೋದಕ್ಕೆ ಬದಲಿ ಅಲ್ಲ.

ಕರಾವಳಿ ಕಡೆಯವರಿಗೆ ಇದು ಹೊಸ ವಿಷಯ ಅಲ್ವೇ ಅಲ್ಲ. ದೈವದ ವೇಷ ಹಾಕ್ಕೊಂಡು ವೇದಿಕೆ ಮೇಲೆ ಕುಣಿಯೋದು, ಕೋಲದ ವಿಡಿಯೋ ತೆಗ್ದು ರೀಲ್ಸ್ ಮಾಡೋದು ಬೇಕಾ ಬೇಡ್ವಾ ಅಂತ ಈಚೆಗೆ ಎಷ್ಟು ಜಗಳ ಆಯ್ತು, ದೈವ ಕಟ್ಟೋರು ಎಷ್ಟು ಬೇಜಾರು ಮಾಡ್ಕೊಂಡ್ರು ಅಂತ ಅಲ್ಲಿಯವರಿಗೆ ಗೊತ್ತು. ಚಂದ ಇದೆ, ಗೌರವದಿಂದಲೇ ಮಾಡಿದೀವಿ ಅನ್ನೋದು ಒಂದು ಮಾತು, ಮಾಡೋ ಅಧಿಕಾರ ಯಾರದ್ದು ಅನ್ನೋದು ಬೇರೆ ಮಾತು.

ಇಲ್ಲೇ 'ಮೂಲನಿವಾಸಿ ಕಲೆಯಿಂದ ಪ್ರೇರಿತ' ಅನ್ನೋ ಲೇಬಲ್ಲಿನ ಕಿರಿಕಿರಿ ಇರೋದು. ಹೊರಗಿನವರು ಬಂದು ಮಾಡಿದ್ದೆಲ್ಲ ಕಳ್ಳತನ ಅಂತ ನಾನೇನೂ ಹೇಳ್ತಿಲ್ಲ. ಚಿಲಿಯಲ್ಲಿ ಹುಟ್ಟಿ ನ್ಯೂಯಾರ್ಕಲ್ಲಿದ್ದ ವಿಡಿಯೋ ಕಲಾವಿದ ಹುವಾನ್ ಡೌನಿ 1970ರ ದಶಕದಲ್ಲಿ ಸೋನಿ ಪೋರ್ಟಾಪ್ಯಾಕ್ ಕ್ಯಾಮೆರಾ ತಗೊಂಡು ಮೆಕ್ಸಿಕೋ, ಗ್ವಾಟೆಮಾಲಾ, ಪೆರು ಕಡೆ ಸುತ್ತಿ, ಒಂದು ಊರಲ್ಲಿ ತೆಗೆದ ವಿಡಿಯೋನ ಮುಂದಿನ ಊರಿನ ಜನಕ್ಕೆ ಹಾಕಿ ತೋರಿಸ್ತಿದ್ರು, ಆಗಿನ ಪೋರ್ಟಾಪ್ಯಾಕ್ ಟೇಪ್ ತಕ್ಷಣ ಪ್ಲೇ ಆಗ್ತಿತ್ತಲ್ಲ, ಫಿಲ್ಮ್ ತರ ಲ್ಯಾಬಿಗೆ ಹೋಗ್ಬೇಕಾಗಿರ್ಲಿಲ್ಲ. ಆಮೇಲೆ ಹೆಂಡತಿ, ಮಲಮಗಳ ಜೊತೆ ವೆನೆಜುವೆಲಾದ ಕಾಡಲ್ಲಿ ಯಾನೊಮಾಮಿ ಜನರ ನಡುವೆ ತಿಂಗಳುಗಟ್ಟಲೆ ಇದ್ರು. ಅವರ ಟೇಪ್‌ಗಳಲ್ಲಿ ಒಂದು ಒಳ್ಳೇ ಗುಣ ಇದೆ, ಕ್ಯಾಮೆರಾ ಹಿಡಿದೋನ ಪೆದ್ದುತನ, ಅಹಂಕಾರವನ್ನೂ ಅವು ಮುಚ್ಚಿಡಲ್ಲ. ಆದ್ರೂ ಆ ಟೇಪ್‌ಗಳು ಇವತ್ತು ಜಗತ್ತಿನ ಮ್ಯೂಸಿಯಮ್‌ಗಳಲ್ಲಿ ಓಡೋದು ಡೌನಿ ಹೆಸರಲ್ಲಿ. ಒಳಗಿರೋ ಮುಖಗಳಿಗೆ ಎಲ್ಲಿ ಓಡ್ಬೇಕು ಅಂತ ಹೇಳೋ ಜಾಗ ಆ ಕಾಲದ ವ್ಯವಸ್ಥೆಯಲ್ಲೇ ಇರ್ಲಿಲ್ಲ.

ಇದಕ್ಕೆ ಎದುರಿಟ್ಟು ನೋಡ್ಬೇಕಾಗಿರೋದು ಕರಬಿಂಗ್ ಫಿಲ್ಮ್ ಕಲೆಕ್ಟಿವ್. ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ಹತ್ತಿರದ ಕರಾವಳಿಯ ಮೂವತ್ತಕ್ಕೂ ಹೆಚ್ಚು ಜನರ ಗುಂಪು, ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ, ಎಷ್ಟೋ ದೃಶ್ಯ ತೆಗೆದಿದ್ದು ಐಫೋನಲ್ಲಿ. ಇವರ ನಡುವೆ ಒಬ್ರೇ ಹೊರಗಿನವರು, ಕೊಲಂಬಿಯಾ ಯೂನಿವರ್ಸಿಟಿಯ ಮಾನವಶಾಸ್ತ್ರಜ್ಞೆ ಎಲಿಜಬೆತ್ ಪೊವಿನೆಲಿ, ಅವರು 1980ರ ದಶಕದಿಂದ ಅವರ ಜೊತೆ ಒಡನಾಟ ಇಟ್ಕೊಂಡೋರು. ಕಥೆಗಳು ದಿನನಿತ್ಯದ ತಾಪತ್ರಯದ್ದೇ. 'ವುಥರ್' ಅನ್ನೋದರಲ್ಲಿ ದೋಣಿ ಮೋಟಾರ್ ಕೆಟ್ಟು ನಿಲ್ಲತ್ತೆ, ಯಾಕೆ ಕೆಟ್ಟಿತು ಅಂತ ವಾದ, ವೈರಿಂಗ್ ಸರಿ ಇಲ್ಲ ಅಂತ ಒಬ್ರು, ಹಿರಿಯರ ಆತ್ಮಕ್ಕೆ ಸಿಟ್ಟು ಬಂದಿದೆ ಅಂತ ಇನ್ನೊಬ್ರು, ದೇವರ ಮೇಲೆ ನಂಬಿಕೆ ಕಮ್ಮಿ ಆಯ್ತು ಅಂತ ಮತ್ತೊಬ್ರು, ಅದ್ರ ಮಧ್ಯೆ ಸುರಕ್ಷತಾ ಸಾಮಾನು ಇಲ್ಲ ಅಂತ ಸರ್ಕಾರದ ದಂಡ ಬೇರೆ. ಇದು ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಮ್ಮಿಗೂ ಹೋಯ್ತು, 2019ರಲ್ಲಿ ನ್ಯೂಯಾರ್ಕಿನ ಮೋಮಾ ಪಿಎಸ್1 ಮ್ಯೂಸಿಯಮ್ಮಲ್ಲಿ ಅವರ ಪ್ರದರ್ಶನ ಆಯ್ತು, 2021ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಐ ಮ್ಯೂಸಿಯಮ್ಮಿನ ಬಹುಮಾನವೂ ಬಂತು. ಇಲ್ಲಿ ಹೊರಗಿನವರ ಕೈ ಇಲ್ಲ ಅಂತಲ್ಲ, ಇದೆ, ಅದೂ ದೊಡ್ಡದೇ ಇದೆ, ಆದ್ರೆ ಹೆಸರು ಗುಂಪಿಂದು, ಕಥೆಯಲ್ಲಿ ಏನಿರ್ಬೇಕು ಅನ್ನೋದು ಗುಂಪಿನ ತೀರ್ಮಾನ. 'ಪ್ರೇರಿತ' ಅನ್ನೋ ಬೋರ್ಡ್ ನೋಡಿದಾಗ ನಾನು ಕೇಳೋ ಪ್ರಶ್ನೆ ಇದೊಂದೇ, ಬೇಡ ಅನ್ನೋ ಅಧಿಕಾರ ಯಾರ ಕೈಯಲ್ಲಿದೆ.

ಬೇಡ ಅನ್ನೋದನ್ನ ಮೊದಲೇ ಕೂತು ತೀರ್ಮಾನ ಮಾಡಿದ ದೊಡ್ಡ ಉದಾಹರಣೆಯೂ ಇದೆ. ಆಸ್ಟ್ರೇಲಿಯಾದ ನಡು ಮರುಭೂಮಿಯ ಹಿರಿಯರೇ ಮುಂದೆ ಬಂದು ತಮ್ಮ 'ಏಳು ಅಕ್ಕತಂಗಿಯರ' ಹಾಡುದಾರಿಗಳನ್ನ ಜೋಡಿಸಿ ಇಡೋಕೆ ಸಹಾಯ ಕೇಳಿದ್ರಿಂದ ಹುಟ್ಟಿದ್ದು 'ಸಾಂಗ್‌ಲೈನ್ಸ್' ಪ್ರದರ್ಶನ, 2017ರಲ್ಲಿ ಕ್ಯಾನ್‌ಬೆರಾದ ನ್ಯಾಷನಲ್ ಮ್ಯೂಸಿಯಮ್ಮಲ್ಲಿ, ಕ್ಯುರೇಟರ್ ಮಾರ್ಗೊ ನೀಲ್. ಒಬ್ಬ ಮಾಯಾವಿ ಗಂಡಸು ಅಟ್ಟಿಸ್ಕೊಂಡು ಬರ್ತಾನೆ, ಏಳು ಜನ ಮರುಭೂಮಿ ಉದ್ದಕ್ಕೂ ತಪ್ಪಿಸ್ಕೊಂಡು ಓಡಿ ಕೊನೆಗೆ ಆಕಾಶಕ್ಕೇರ್ತಾರೆ, ಅವರೇ ನಮ್ಮ ಕೃತ್ತಿಕೆ ನಕ್ಷತ್ರದ ಗೊಂಚಲು, ಅವರು ಓಡಿದ ದಾರಿಯಲ್ಲಿ ಎಲ್ಲೆಲ್ಲಿ ನೀರಿದೆ, ಏನು ತಿನ್ಬಹುದು ಅನ್ನೋದೆಲ್ಲ ಹಾಡಲ್ಲಿ ಅಡಗಿದೆ. ಇದರಲ್ಲಿ ಎಲ್ಲರಿಗೂ ಹೇಳೋ ಭಾಗ ಬೇರೆ, ಹೆಂಗಸರಿಗೆ ಮಾತ್ರ, ಗಂಡಸರಿಗೆ ಮಾತ್ರ, ದೀಕ್ಷೆ ಆದವರಿಗೆ ಮಾತ್ರ ಅನ್ನೋ ಭಾಗ ಬೇರೆ. ಪ್ರದರ್ಶನಕ್ಕೆ ಬಂದಿದ್ದು ಮೊದಲನೆಯದು ಮಾತ್ರ, ಗೆರೆ ಎಳೆದೋರು ಹಿರಿಯರು. ಯೂನಿವರ್ಸಿಟಿಯೊಂದರ ಸಂಶೋಧಕರು ರೂಪಿಸಿದ ಗುಮ್ಮಟದಂಥ ಡೋಮ್ ಪರದೆ ಕೆಳಗೆ ಮಲಗಿ, ದೂರದ ಗುಹೆಯ ಶಿಲಾಚಿತ್ರ, ಮೇಲೆ ತಿರುಗೋ ನಕ್ಷತ್ರ ನೋಡ್ಬಹುದಿತ್ತು, ಆಳೆತ್ತರದ ಪರದೆಗಳಲ್ಲಿ ಹಿರಿಯರೇ ನಿಂತು ಬಂದವರನ್ನ ಬರಮಾಡ್ಕೊಳ್ತಿದ್ರು. 2021ರಲ್ಲಿ ಇದು ಇಂಗ್ಲೆಂಡಿನ ಪ್ಲಿಮತ್‌ಗೆ ಹೋಯ್ತು, 1768ರಲ್ಲಿ ಕುಕ್ ಹಡಗು ಹೊರಟಿದ್ದು ಅದೇ ಬಂದರಿಂದ, ಆಮೇಲೆ ಬರ್ಲಿನ್, 2023ಕ್ಕೆ ಪ್ಯಾರಿಸ್. ಒಪ್ಪಿಗೆಯ ಕೆಲಸ ಮೊದಲೇ ಗಟ್ಟಿಯಾಗಿದ್ರೆ ಟೂರ್ ಹಗುರಾಗತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪುರಾವೆ ನನಗೆ ಗೊತ್ತಿಲ್ಲ.

ಯೂನಿವರ್ಸಿಟಿ ಕಥೆ ಗ್ಯಾಲರಿಗಿಂತ ಬೇರೆ. ಅಲ್ಲಿ ದೊಡ್ಡ ಕತ್ತಲೆ ಕೋಣೆ ಇರಲ್ಲ, ಬಜೆಟ್ಟೂ ಇರಲ್ಲ, ಒಂದು ಲೆಕ್ಚರ್ ಹಾಲ್, ಐವತ್ತು ಜನ ವಿದ್ಯಾರ್ಥಿಗಳು, ಮುಗಿದ ಮೇಲೆ ಒಂದು ಗಂಟೆ ಪ್ರಶ್ನೆ. ಸಾಮಾನ್ಯವಾಗಿ ಟೊರಾಂಟೋದ ವಿಟೇಪ್‌ನಂಥ ವಿತರಕರ ಮೂಲಕ ಸ್ಕ್ರೀನಿಂಗ್ ಫೀ ಕೊಟ್ಟು ತರಿಸ್ತಾರೆ, ವಿಟೇಪ್ ಹತ್ರ ಕೆನಡಾದ ಮೂಲನಿವಾಸಿ ಕಲಾವಿದರ ಕೆಲಸ ತುಂಬಾನೇ ಇದೆ. ಅಪಾಯ ಇರೋದು ಲೈಬ್ರರಿಯಲ್ಲಿ, ಒಂದ್ಸಲ ಕೊಂಡು ಸರ್ವರ್‌ಗೆ ಹಾಕಿದ್ರೆ ಕ್ಯಾಂಪಸ್ಸಿಗೆಲ್ಲ ಓಪನ್, ಹತ್ತು ವರ್ಷ ಆದ್ಮೇಲೆ ಅದಕ್ಕೆ ಯಾವ ಷರತ್ತು ಇತ್ತು ಅಂತ ನೆನಪಿಟ್ಕೊಂಡೋರು ಯಾರೂ ಇರಲ್ಲ. ಇದಕ್ಕೊಂದು ಒಳ್ಳೇ ಉತ್ತರ ಆಸ್ಟ್ರೇಲಿಯಾದ ಟೆನಂಟ್ ಕ್ರೀಕ್ ಊರಿನ ವರಮುಂಗು ಜನರಿಂದಲೇ ಬಂತು. ಅವರ ಜೊತೆ ಕೆಲಸ ಮಾಡಿದ ಅಮೆರಿಕಾದ ಪ್ರೊಫೆಸರ್ ಕಿಂಬರ್ಲಿ ಕ್ರಿಸ್ಟನ್ ತಂಡ 2007ರ ಸುಮಾರಿಗೆ ಕಟ್ಟಿದ ಡಿಜಿಟಲ್ ಸಂಗ್ರಹ ಆಮೇಲೆ 'ಮುಕುರ್ತು' ಅನ್ನೋ ಉಚಿತ ಸಾಫ್ಟ್‌ವೇರ್ ಆಯ್ತು, ಅದರಲ್ಲಿ ನೀವು ಯಾರು, ಯಾವ ಬಳಗದವರು, ಗಂಡಾ ಹೆಣ್ಣಾ ಅನ್ನೋದರ ಮೇಲೆ ನಿಮಗೆ ಏನು ಕಾಣ್ಬೇಕು ಅಂತ ಸಮುದಾಯವೇ ಸೆಟ್ ಮಾಡ್ಬಹುದು. ಎಲ್ಲ ಜ್ಞಾನ ಎಲ್ಲರಿಗೂ ತೆರೆದಿರ್ಬೇಕು ಅನ್ನೋ ನಮ್ಮ ಇಂಟರ್ನೆಟ್ ಬುದ್ಧಿಗೆ ಇದು ಸ್ವಲ್ಪ ಕಸಿವಿಸಿ ಮಾಡತ್ತೆ, ನನಗೂ ಮಾಡ್ತು, ಆದ್ರೆ ತೆರೆದಿಡೋದು ಯಾರ ಖರ್ಚಲ್ಲಿ ಅಂತ ಕೇಳಿದ್ರೆ ಉತ್ತರ ಅಷ್ಟು ಸಲೀಸಾಗಿ ಬರಲ್ಲ.

ಯೂನಿವರ್ಸಿಟಿಗಳು ಚೆನ್ನಾಗಿ ಮಾಡಿದ್ದೂ ಇದೆ. ವರ್ಜೀನಿಯಾ ಯೂನಿವರ್ಸಿಟಿಯಲ್ಲಿ ಕ್ಲೂಗಿ-ರೂ ಅಂತ ಆಸ್ಟ್ರೇಲಿಯಾ ಮೂಲನಿವಾಸಿ ಕಲೆಗೇ ಮೀಸಲಾದ ಮ್ಯೂಸಿಯಮ್ ಇದೆ, ಅವರು ಯಿರ್ಕಲಾ ಊರಿನ ಯೋಲ್ಙು ಜನರ ಜೊತೆ ಸೇರಿ 'ಮಡಯಿನ್' ಅನ್ನೋ ಪ್ರದರ್ಶನ ಮಾಡಿದ್ರು. ಮುಖ್ಯವಾಗಿ ಮರದ ತೊಗಟೆ ಮೇಲಿನ ಚಿತ್ರಗಳು, ಕ್ಯಾಟಲಾಗ್ ಯೋಲ್ಙು ಭಾಷೆಯಲ್ಲೂ ಇಂಗ್ಲಿಷಲ್ಲೂ, ಆಯ್ಕೆ ಯೋಲ್ಙು ಹಿರಿಯರದ್ದು. ಆ ಊರಲ್ಲೇ ಮುಲ್ಕ ಅನ್ನೋ ಒಂದು ವಿಡಿಯೋ ಸ್ಟುಡಿಯೋ ಕಮ್ ಸಂಗ್ರಹಾಲಯ 2007ರಿಂದ ಇದೆ, ಅಂದ್ರೆ ಮೂಲ ಪ್ರತಿ ಊರಲ್ಲೇ ಇರತ್ತೆ, ಪರದೇಶಕ್ಕೆ ಹೋಗೋದು ನಕಲು. ಪ್ರದರ್ಶನ 2022ರಲ್ಲಿ ಡಾರ್ಟ್‌ಮತ್ ಕಾಲೇಜಿನ ಹುಡ್ ಮ್ಯೂಸಿಯಮ್ಮಲ್ಲಿ ಶುರುವಾಗಿ ವಾಷಿಂಗ್ಟನ್ನಿನ ಅಮೆರಿಕನ್ ಯೂನಿವರ್ಸಿಟಿ, ಆಮೇಲೆ ವರ್ಜೀನಿಯಾ, ಆಮೇಲೆ ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಹೀಗೆ ಸುತ್ತಿತು.

ಇನ್ನು ಮನುಷ್ಯರು ಹೋಗೋದು. ಗ್ಯಾಲರಿ ಕರೆಯೋದು ಕೃತಿಯನ್ನ, ಸಮುದಾಯದವರು ಕೇಳೋದು ನಮ್ಮವರು ಜೊತೆಗೆ ಬರ್ಬೇಕು ಅಂತ. ಹಿರಿಯರು ಒಬ್ರೇ ಪ್ರಯಾಣ ಮಾಡಲ್ಲ, ಜೊತೆಗೆ ನೋಡ್ಕೊಳ್ಳೋಕೆ ಒಬ್ರು, ಭಾಷೆಗೆ ಒಬ್ರು, ದೂರದ ಹಳ್ಳಿಗಳಲ್ಲಿ ಹುಟ್ಟಿದ ಎಷ್ಟೋ ಜನರ ಜನನವೇ ನೋಂದಣಿ ಆಗಿರಲ್ಲ, ಬರ್ತ್ ಸರ್ಟಿಫಿಕೇಟ್ ಇಲ್ಲ ಅಂದ್ರೆ ಪಾಸ್‌ಪೋರ್ಟ್ ಎಲ್ಲಿಂದ ಬರತ್ತೆ, ವೀಸಾ ಆಮೇಲಿನ ಮಾತು. ಬಜೆಟ್ ಕಡಿತ ಅಂದ ತಕ್ಷಣ ಮೊದಲು ಹೋಗೋದು ಈ ಟಿಕೆಟ್‌ಗಳೇ, ಪ್ರೊಜೆಕ್ಟರ್ ಬಾಡಿಗೆ ಅಲ್ಲ.

ಕೆನಡಾದ ಆರ್ಕ್ಟಿಕ್ ಮೂಲನಿವಾಸಿಗಳಾದ ಇನುಯಿಟ್ ಜನರ ವಿಡಿಯೋ ತಂಡ ಇಸುಮಾ ಈ ದೂರದ ತೊಡಕನ್ನ ತನ್ನದೇ ರೀತಿಯಲ್ಲಿ ಬಿಡಿಸ್ಕೊಂಡಿತು. ಅವರ ಊರು ಇಗ್ಲೂಲಿಕ್ ಆರ್ಕ್ಟಿಕ್‌ನಲ್ಲಿದೆ, 1970ರ ದಶಕದಲ್ಲಿ ಟಿವಿ ಕೊಡ್ತೀವಿ ಅಂದಾಗ ಊರವರು ಎರಡು ಸಲ ವೋಟ್ ಹಾಕಿ ಬೇಡ ಅಂದ್ರು, ಯಾಕಂದ್ರೆ ಅದರಲ್ಲಿ ಅವರ ಭಾಷೆ ಇನುಕ್ಟಿಟುಟ್ ಇರ್ಲೇ ಇಲ್ಲ. 1981ರಲ್ಲಿ ಜಕರಾಯಸ್ ಕುನುಕ್ ಅನ್ನೋರು ತಾವು ಕೆತ್ತಿದ ಕಲ್ಲಿನ ಶಿಲ್ಪಗಳನ್ನ ಮಾಂಟ್ರಿಯಲ್‌ನಲ್ಲಿ ಮಾರಿ ಒಂದು ವಿಡಿಯೋ ಕ್ಯಾಮೆರಾ ತಂದ್ರು, 1990ರಲ್ಲಿ ಗೆಳೆಯರ ಜೊತೆ ಇಸುಮಾ ಶುರುವಾಯ್ತು, 2019ರಲ್ಲಿ ವೆನಿಸ್ ಬಿಯೆನಾಲೆಯ ಕೆನಡಾ ಪೆವಿಲಿಯನ್ನಿಗೆ ಇವರೇ. ಅಲ್ಲಿ ತೋರಿಸಿದ್ದು 1961ರಲ್ಲಿ ಒಬ್ಬ ಸರ್ಕಾರಿ ಮನುಷ್ಯ ಬಂದು ನೋವಾ ಪಿಯುಗತ್ತುಕ್ ಅನ್ನೋ ಬೇಟೆಗಾರನಿಗೆ ಊರು ಬಿಟ್ಟು ಮನೆಗಳಿರೋ ಕಡೆ ಬಾ, ಮಕ್ಕಳನ್ನ ಶಾಲೆಗೆ ಹಾಕು ಅಂತ ಹೇಳೋ ಒಂದು ದಿನದ ಕಥೆ, ನಡುವೆ ದುಭಾಷಿ, ಹಿಮದ ಮೇಲೆ ಕೂತು ಟೀ ಕುಡೀತಾ ನಡೆಯೋ ಮಾತು. ಅದೇ ಸಮಯದಲ್ಲಿ ಉತ್ತರದ ಹಿಮದಂಚಿಂದ, ಅಲ್ಲಿನ ಕಬ್ಬಿಣದ ಗಣಿ ವಿಸ್ತರಣೆಯ ವಿವಾದದ ಬಗ್ಗೆ ನೇರ ಪ್ರಸಾರಾನೂ ಮಾಡಿದ್ರು, ವಿಡಿಯೋ ಇಂಟರ್ನೆಟ್ಟಲ್ಲೂ ಹಾಕಿದ್ರು. ವೆನಿಸ್‌ಗೆ ಬಂದವರಲ್ಲಿ ಒಂದು ಗಂಟೆ ಮೇಲೆ ಇನುಕ್ಟಿಟುಟ್ ಕೇಳ್ತಾ ಕೂರೋರು ಎಷ್ಟು ಜನ ಇರ್ತಾರೆ ಹೇಳಿ, ಬಿಯೆನಾಲೆ ನೋಡೋರು ಒಂದೊಂದು ಕೋಣೆಯಲ್ಲಿ ಮೂರು ನಿಮಿಷ ನಿಂತು ಮುಂದೆ ಹೋಗೋರೇ ಜಾಸ್ತಿ. ಇಸುಮಾದವರು ಅವರಿಗೋಸ್ಕರ ವಿಡಿಯೋನ ಚಿಕ್ಕದು ಮಾಡೋಕೆ ಹೋಗಲಿಲ್ಲ, ನೋಡೋರು ಇಗ್ಲೂಲಿಕ್‌ನಲ್ಲೂ ಇದ್ದಾರೆ.